ಕಾಡಿನ ಮನುಷ್ಯನ ಊರಲ್ಲಿ ಒಂದು ಬೆಳಗ್ಗೆ

ಕ್ವಾಲಾಲಂಪುರದ ಮಗಳ ಮನೆಗೆ ಹೋಗಿದ್ದಾಗ, ಶಾಲೆಗೆ ರಜೆಯಿದ್ದ ಮೊಮ್ಮಗಳು ಹಟ ಹಿಡಿದಳು. "ಅಜ್ಜ, ಒರಾಂಗುಟಾನ್ ನೋಡೋಣ. ಮೃಗಾಲಯದಲ್ಲಿ ಅಲ್ಲ, ಕಾಡಿನಲ್ಲಿ." ಸರಿ, ನಾವು ನಾಲ್ವರೂ ಬೋರ್ನಿಯೋ ದ್ವೀಪಕ್ಕೆ ವಿಮಾನ ಹತ್ತಿದೆವು. ಸಮುದ್ರ ದಾಟಿ ಸುಮಾರು ಮೂರು ಗಂಟೆಯ ಪ್ರಯಾಣ. ಈ ದ್ವೀಪದಲ್ಲಿ ಮಲೇಷ್ಯಾಕ್ಕೆ ಸೇರಿದ ಸಬಾ ಎಂಬ ರಾಜ್ಯವಿದೆ. ಅಲ್ಲಿನ ಸಂಡಾಕನ್ ಪಟ್ಟಣ ಹತ್ತಿರವಾದಂತೆ ಕೆಳಗೆ ಕಣ್ಣು ಹಾಯುವಷ್ಟು ದೂರ ಹಸಿರು.

"ಎಂಥ ಕಾಡು ನೋಡೇ!" ಎಂದೆ. ನನ್ನವಳು ಕನ್ನಡಕ ಸರಿಮಾಡಿಕೊಂಡು, "ಕಾಡಲ್ಲ ರೀ, ತೋಟ. ಸಾಲು ಹಿಡಿದು ನೆಟ್ಟಿದ್ದಾರೆ" ಎಂದಳು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವಳು, ಅವಳ ಕಣ್ಣು ತಪ್ಪಲಿಲ್ಲ. ಅದು ತಾಳೆ ಎಣ್ಣೆಯ ತೋಟ. ಆಫ್ರಿಕಾ ಮೂಲದ ಆ ಮರ ಈಗ ಬೋರ್ನಿಯೋದ ಎಷ್ಟೋ ಕಾಡಿನ ಜಾಗದಲ್ಲಿ ನಿಂತಿದೆ.

ಸಂಡಾಕನ್‌ನಿಂದ ಸ್ವಲ್ಪ ದೂರದಲ್ಲಿ ಸೆಪಿಲೋಕ್ ಎಂಬ ಕಾಯ್ದಿಟ್ಟ ಅರಣ್ಯವಿದೆ. 1964ರಿಂದ ಇಲ್ಲಿ ಅನಾಥ ಒರಾಂಗುಟಾನ್ ಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುತ್ತಾರೆ. ಮಲಯ್ ಭಾಷೆಯಲ್ಲಿ 'ಒರಾಂಗ್' ಎಂದರೆ ಮನುಷ್ಯ, 'ಹುತಾನ್' ಎಂದರೆ ಕಾಡು. ಗೊರಿಲ್ಲಾ, ಚಿಂಪಾಂಜಿ, ಬೊನೊಬೊಗಳು ಆಫ್ರಿಕಾದವು. ಬಾಲವಿಲ್ಲದ ಈ ದೊಡ್ಡ ವಾನರಗಳ ಪೈಕಿ ಏಷ್ಯಾದಲ್ಲಿರುವುದು ಒರಾಂಗುಟಾನ್ ಮಾತ್ರ, ಅದೂ ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳಲ್ಲಿ ಮಾತ್ರ.

ಒಳಗೆ ಹೋಗುವ ಮೊದಲು ಚೀಲಗಳನ್ನು ಬೀರುವಿನಲ್ಲಿಡಬೇಕು. ಇಲ್ಲವಾದರೆ ಒರಾಂಗುಟಾನ್‌ಗಳು ಕಿತ್ತುಕೊಂಡು ಹೋಗುತ್ತವಂತೆ! ನೆಗಡಿ, ಕೆಮ್ಮು ಇದ್ದವರು ಹತ್ತಿರ ಸುಳಿಯುವಂತಿಲ್ಲ. ನಮ್ಮ ಕಾಯಿಲೆಗಳು ಅವಕ್ಕೂ ಅಂಟುತ್ತವೆ.

ಮೊದಲು ಮರಿಗಳ 'ಶಿಶುವಿಹಾರ' ನೋಡಿದೆವು. ಗಾಜಿನಾಚೆ ಕೆಂಪು ಕೂದಲಿನ ಒಂದು ಮರಿ ಹಗ್ಗ ಹಿಡಿದು ಜೋತಾಡುತ್ತಿತ್ತು. ಇನ್ನೊಂದು ಜಾರಿ ಬಿದ್ದು, ಸುತ್ತ ನೋಡಿ, ಮತ್ತೆ ಹತ್ತಿತು. ಹತ್ತುವುದನ್ನೂ ಕಲಿಸಬೇಕೇ ಎಂದು ಮೊಮ್ಮಗಳಿಗೆ ಆಶ್ಚರ್ಯ. ಕಲಿಸಬೇಕು. ಕಾಡಿನಲ್ಲಾದರೆ ಮರಿ ಆರೇಳು ವರ್ಷ ತಾಯಿಯ ಜೊತೆಗೇ ಇರುತ್ತದೆ. ಯಾವ ಹಣ್ಣು ಎಲ್ಲಿ ಸಿಗುತ್ತದೆ, ಪ್ರತಿ ಸಂಜೆ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುವುದು ಹೇಗೆ, ಎಲ್ಲವೂ ತಾಯಿಯೇ ಕಲಿಸುವ ಪಾಠ. ಮರಿಯನ್ನು ಸಾಕಲು ಹಿಡಿಯುವವರು ಸಾಮಾನ್ಯವಾಗಿ ತಾಯಿಯನ್ನು ಕೊಂದೇ ಹಿಡಿಯುತ್ತಾರೆ. ಇದನ್ನು ಕೇಳಿ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದುಕೊಂಡಳು.

ಒಂದು ತಾಯಿ ಏಳೆಂಟು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇದು ಬೇಗ ಅರ್ಥವಾಯಿತು. ಬಡ್ಡಿ ಇಷ್ಟು ನಿಧಾನವಾಗಿ ಬೆಳೆಯುವಾಗ ಅಸಲಿಗೇ ಕೈ ಹಾಕಿದರೆ ಖಾತೆ ಉಳಿಯುವುದಿಲ್ಲ. 1999ರಿಂದ 2015ರ ನಡುವೆ ಬೋರ್ನಿಯೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸುಮಾತ್ರಾದಲ್ಲಿ 2017ರಲ್ಲಿ ತಪಾನುಲಿ ಎಂಬ ಬೇರೆಯದೇ ಪ್ರಭೇದವನ್ನು ಗುರುತಿಸಿದರು. ಅವು ಎಂಟುನೂರೂ ಇಲ್ಲ.

ಹತ್ತು ಗಂಟೆಗೆ ಆಹಾರ ಕೊಡುವ ಜಾಗಕ್ಕೆ ಹೋದೆವು. ಕಾಡಿನ ನಡುವೆ ಮರದ ಅಟ್ಟಣಿಗೆ, ಅದರ ಮೇಲೆ ಬಾಳೆಹಣ್ಣಿನ ರಾಶಿ. ನೂರಾರು ಜನ ಉಸಿರು ಬಿಗಿಹಿಡಿದು ಕಾದೆವು. ಮೊದಲು ಬಂದದ್ದು ಗಿಡ್ಡ ಬಾಲದ ಕೋತಿಗಳ ಹಿಂಡು, ಹಣ್ಣು ಕದಿಯಲು! ಬಹಳ ಹೊತ್ತಿನ ನಂತರ ದೂರದ ಹಗ್ಗ ಅಲುಗಿತು. ಎದೆಗೆ ಮರಿ ಅಂಟಿಸಿಕೊಂಡ ತಾಯಿಯೊಂದು ಬಂತು. ನಾಲ್ಕು ಹಣ್ಣು ತೆಗೆದುಕೊಂಡು, ನಮ್ಮತ್ತ ಒಮ್ಮೆ ನೋಡಿ, ಎಲೆಗಳಲ್ಲಿ ಮರೆಯಾಯಿತು. ಅಷ್ಟೇ.

"ಒಂದೇನಾ?" ಮೊಮ್ಮಗಳ ಮುಖ ಚಿಕ್ಕದಾಯಿತು. ಪಕ್ಕದಲ್ಲಿದ್ದ ಸಿಬ್ಬಂದಿಯೊಬ್ಬರು ನಕ್ಕರು. "ಈಗ ಕಾಡಿನಲ್ಲಿ ಹಣ್ಣಿನ ಕಾಲ. ನಾವು ಬೇಕೆಂದೇ ದಿನವೂ ಅದೇ ಸಪ್ಪೆ ಊಟ ಹಾಕುತ್ತೇವೆ. ಬೇಸರ ಬಂದು ಅವು ತಾವೇ ಆಹಾರ ಹುಡುಕಿಕೊಳ್ಳಲಿ ಅಂತ. ಯಾರೂ ಬಾರದ ದಿನ ನಮಗೆ ಹಬ್ಬ, ಪುಟ್ಟಿ" ಎಂದರು. ಅವಳು ಯೋಚಿಸುತ್ತಾ ನಿಂತಳು.

ಮರುದಿನ ಕಿನಬತಾಂಗನ್ ನದಿಯಲ್ಲಿ ದೋಣಿ ಹತ್ತಿದೆವು. ದಡದಲ್ಲಿ ಕಾಡಿನ ಪಟ್ಟಿ, ಅದರ ಹಿಂದೆಯೇ ತಾಳೆ ತೋಟ. ಒರಾಂಗುಟಾನ್‌ಗೆ ಈಜು ಬಾರದು. ಹಿಂದೆ ಹಳ್ಳಗಳ ಮೇಲೆ ದೊಡ್ಡ ಮರಗಳ ಕೊಂಬೆಗಳು ಕೂಡಿ ಸೇತುವೆಯಾಗುತ್ತಿದ್ದವು. ಮರ ಹೋದಮೇಲೆ ದಾರಿಯೂ ಹೋಯಿತು. ಅದಕ್ಕೆ ಇಲ್ಲಿನವರು ಬೆಂಕಿ ಆರಿಸುವ ಹಳೆಯ ಕೊಳವೆಗಳನ್ನು ಹೆಣೆದು ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ್ದಾರೆ. ಒರಾಂಗುಟಾನ್‌ಗಳು ಅದನ್ನು ಹಿಡಿದು ದಾಟುತ್ತವೆ!

ಹಿಂತಿರುಗುವಾಗ ಮೊಮ್ಮಗಳು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿದಳು. "ಅಜ್ಜ, ಇದರಲ್ಲೂ ತಾಳೆ ಎಣ್ಣೆ!" ಹೌದು, ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮ ಭಾರತ. ನಮ್ಮ ಬಾಣಲೆಯಲ್ಲಿ, ಸೋಪಿನಲ್ಲಿ, ಚಿಪ್ಸಿನಲ್ಲಿ ಅದಿದೆ. "ಹಾಗಾದರೆ ಬಿಟ್ಟುಬಿಡೋಣ" ಎಂದಳು. ಅದು ಅಷ್ಟು ಸುಲಭವಲ್ಲ ಮಗಳೇ ಎಂದೆ. ಎಕರೆಗೆ ಅತಿ ಹೆಚ್ಚು ಎಣ್ಣೆ ಕೊಡುವ ಬೆಳೆ ಇದು. ಬೇರೆ ಎಣ್ಣೆಗೆ ಇನ್ನೂ ಹೆಚ್ಚು ನೆಲ ಬೇಕು. ಇದನ್ನೇ ನಂಬಿದ ಬಡ ರೈತರೂ ಅಲ್ಲಿದ್ದಾರೆ. ಕೇಳಬೇಕಾದದ್ದು ಇಷ್ಟು: ಹೊಸದಾಗಿ ಕಾಡು ಕಡಿಯಬೇಡಿ, ನದಿಯ ದಡದ ಮರ ಬಿಡಿ. ಕೊಳ್ಳುವವರು ಕೇಳಿದರೆ ಮಾರುವವರು ಕಿವಿಗೊಡಲೇಬೇಕು. ನಾವೂ ಎಣ್ಣೆಯನ್ನು ಸ್ವಲ್ಪ ಹಿಡಿತದಲ್ಲಿ ಬಳಸಿದರೆ ಈ ವಯಸ್ಸಿನ ನನ್ನಂಥವರಿಗೂ ಒಳ್ಳೆಯದೇ!

ಈಗ ನಾವು ಶಿವಮೊಗ್ಗದಲ್ಲಿದ್ದೇವೆ. ಭಾನುವಾರ ಮೊಮ್ಮಗಳ ಫೋನು ಬರುತ್ತದೆ. ಶಾಲೆಯ ಸುದ್ದಿಯೆಲ್ಲ ಮುಗಿದಮೇಲೆ ತಪ್ಪದೆ ಕೇಳುತ್ತಾಳೆ: "ಅಜ್ಜ, ಇವತ್ತು ಸೆಪಿಲೋಕ್‌ನಲ್ಲಿ ಊಟಕ್ಕೆ ಯಾರೂ ಬಂದಿರಲಿಕ್ಕಿಲ್ಲ, ಅಲ್ವಾ?"

"ಬಂದಿರಲಿಕ್ಕಿಲ್ಲ ಪುಟ್ಟಿ" ಎನ್ನುತ್ತೇನೆ. ಇಬ್ಬರಿಗೂ ಸಂತೋಷ.