ಪಾಟೀಲರ ಊರಲ್ಲಿ ಊಟದ ಹೊತ್ತು

ಮಹಾರಾಷ್ಟ್ರದ ಗಡಿಗೆ ಹತ್ತಿದ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಪಾಟೀಲ್ರ’ ಎಂದು ಗಟ್ಟಿಯಾಗಿ ಕೂಗಿ ನೋಡಿ. ಚಹಾದ ಅಂಗಡಿಯಿಂದ ಒಬ್ಬರು, ಮಿರಜಿಗೆ ಹೊರಟ ಬಸ್ಸಿನ ಕಿಟಕಿಯಿಂದ ಒಬ್ಬರು, ಟಮ್‌ಟಮ್ಮಿನ ಹಿಂದಿನ ಸೀಟಿನಿಂದ ಇಬ್ಬರು ಹೊರಳಿ ನೋಡುತ್ತಾರೆ. ಒಬ್ಬರು ಲಿಂಗಾಯತರು, ಒಬ್ಬರು ಜೈನರು, ಇನ್ನೊಬ್ಬರು ಮರಾಠರು. ನಾಲ್ಕನೆಯವರು ಮುಸಲ್ಮಾನರಾಗಿದ್ದರೂ ಇಲ್ಲಿ ಯಾರಿಗೂ ಸೋಜಿಗವಿಲ್ಲ. ಪಾಟೀಲಕಿ ಒಂದು ಕಾಲಕ್ಕೆ ಹುದ್ದೆ. ಕಂದಾಯ ವಸೂಲಿಗೆ ಪಾಟೀಲ, ಲೆಕ್ಕ ಬರೆಯಲು ಕುಲಕರ್ಣಿ, ಪಾಟೀಲನ ಕೈಕೆಳಗೆ ಚೌಗುಲೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಹುದ್ದೆಗಳನ್ನೇನೋ ತೆಗೆದುಹಾಕಿತು. ಅಡ್ಡಹೆಸರಿನ ಗೊಡವೆಗೆ ಹೋಗಲಿಲ್ಲ. ಹೀಗಾಗಿ ಊರೂರಿಗೆ ನಾನಾ ಜಾತಿಯ ಪಾಟೀಲರು ಉಳಿದುಕೊಂಡರು.

ಅಡ್ಡಹೆಸರಿನಿಂದ ಆಳು ಪತ್ತೆಯಾಗದ ಮೇಲೆ ನಮ್ಮವರು ಎರಡನೆಯ ಪ್ರಶ್ನೆ ಹಾಕುತ್ತಾರೆ: “ಯಾರ ಪೈಕಿ ಆತ್ರಿ?” ಬೆಂಗಳೂರಿನಿಂದ ಬಂದವರಿಗೆ ಇದು ಕಸಿವಿಸಿ. ನಮ್ಮ ಕಡೆ ಚಹಾ ಬೇಕೇನ್ರಿ ಎಂದು ಕೇಳಿದಷ್ಟೇ ಸಲೀಸು. ಉತ್ತರ ಬಂದಿತೋ, ಕೇಳಿದವರ ತಲೆಯಲ್ಲಿ ಅಡುಗೆಯ ಲೆಕ್ಕ ಶುರುವಾಗುತ್ತದೆ. ಇವರಿಗೆ ಉಳ್ಳಾಗಡ್ಡಿ ನಡೆಯುತ್ತದೋ ಇಲ್ಲವೋ, ಸೋಮವಾರ ಒಪ್ಪತ್ತೋ, ರಾತ್ರಿ ಉಣ್ಣುವವರೋ ಅಲ್ಲವೋ.

ಜೈನರ ವಿಷಯದಲ್ಲಿ ಈ ಲೆಕ್ಕ ಊರಿಗೆಲ್ಲ ಬಾಯಿಪಾಠ: ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೆಲದೊಳಗಿನ ಗಡ್ಡೆ ಇಲ್ಲ. ಕೃಷ್ಣಾ, ದೂಧಗಂಗಾ ದಂಡೆಯ ಜೈನರು ಹೆಚ್ಚಾಗಿ ಒಕ್ಕಲುತನದವರು. ಕಬ್ಬಿಗೆ ನೀರು ಹಾಯಿಸುವವರು, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವವರು. ಕಳೆದ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿಪ್ಪಾಣಿ ಕಡೆಯ ಭೋಜದವರು. ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ್ದು ಇಲ್ಲೇ ಶೇಡಬಾಳದಲ್ಲಿ. ವಿದ್ಯಾಸಾಗರರು 1946ರಲ್ಲಿ ಚಿಕ್ಕೋಡಿ ಬದಿಯ ಸದಲಗಾದಲ್ಲಿ. ಪ್ರಾಕೃತದ ದೊಡ್ಡ ವಿದ್ವಾಂಸ ಆ.ನೇ. ಉಪಾಧ್ಯೆಯವರೂ ಸದಲಗಾದವರೇ. ಇಂಥ ನೆರೆಯವರಿದ್ದಾಗ ಉಳಿದವರಿಗೂ ಸೂರ್ಯನ ಮೇಲೆ ಒಂದು ಕಣ್ಣು ಇಟ್ಟಿರುವುದು ರೂಢಿಯಾಗುತ್ತದೆ.

ಇದನ್ನು ನೋಡಬೇಕಾದರೆ ಯಾವುದಾದರೂ ಲಿಂಗಾಯತರ ಮದುವೆಗೆ ಸಂಜೆ ಐದರ ಸುಮಾರಿಗೆ ಹೋಗಬೇಕು. ಆರತಕ್ಷತೆ ಇನ್ನೂ ಶುರುವಾಗಿಲ್ಲ, ಮದುಮಗ ಇನ್ನೂ ಸೂಟಿನೊಳಗೆ ಇಳಿದಿಲ್ಲ. ಊಟದ ಪೆಂಡಾಲಿನಲ್ಲಿ ಹೆಣ್ಣಿನ ಕಾಕಾ ಮಾತ್ರ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಪಡುವಣದ ಕಡೆ ನೋಡಿ ಗಡಿಬಿಡಿ ಮಾಡುತ್ತಿರುತ್ತಾರೆ. “ಬಸದಿ ಓಣಿಯವ್ರ ಬಂದ್ರೇನ? ಮೊದಲನೇ ಪಂಕ್ತಿ ಅವರ್ದ. ಹೊತ್ತ ಮುಣಗತೈತಿ, ಲಗೂ ಕುಂಡ್ರಸ್ರೋ.” ಒಲೆಯ ಆ ತುದಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಸೋಕದ ಪಲ್ಯ ಬೇರೆ ಪಾತ್ರೆಯಲ್ಲಿ ಕುಳಿತಿದೆ. ಅದರ ಸೌಟಿನ ಹಿಡಿಕೆಗೆ ಬಿಳಿ ಅರಿವೆಯ ಚೂರು ಕಟ್ಟಿದ್ದಾರೆ. ಬಡಿಸುವ ಹುಡುಗ ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಕುಡಿಯಲು ಸೋಸಿದ ನೀರಿನ ಕೊಡ ಬೇರೆ. ಗೋದಿ ಹುಗ್ಗಿಗೆ ಮಾತ್ರ ಯಾವ ತಕರಾರೂ ಇಲ್ಲ, ಅದು ಎಲ್ಲ ಪಂಕ್ತಿಗೂ ಒಂದೇ. ಹೊತ್ತು ಮುಳುಗಿದ ಮೇಲೆ ನಿಧಾನಕ್ಕೆ ಬರುವವರು ಬರುತ್ತಾರೆ. ಮಗರೀಬಿನ ನಮಾಜು ಮುಗಿಸಿಕೊಂಡು ಬರುವ ಗೆಳೆಯರಿಗೆ ಕಡೆಯ ಪಂಕ್ತಿ ಕಾದಿರುತ್ತದೆ. ರಮಜಾನಿನಲ್ಲಂತೂ ಒಂದು ಓಣಿಯ ತಾಟು ತೊಳೆದು ಬೋರಲು ಹಾಕುವ ಗಳಿಗೆಗೇ ಇನ್ನೊಂದು ಓಣಿಯಲ್ಲಿ ಖರ್ಜೂರದ ತಟ್ಟೆ ಹೊರಬರುತ್ತದೆ. ಮುಳುಗಿದ ಸೂರ್ಯ ಒಬ್ಬನೇ.

ದೇವರುಗಳೂ ಎಲ್ಲರಿಗೂ ಹೊಂದಿಕೊಳ್ಳುವ ಈ ಪದ್ಧತಿಗೆ ಒಗ್ಗಿದ್ದಾರೆ. ಮಂಗಸೂಳಿಯ ಗುಡಿಯಲ್ಲಿ ಇರುವವನು ಕನ್ನಡದವರಿಗೆ ಮಲ್ಲಯ್ಯ, ಮರಾಠಿಯವರಿಗೆ ಖಂಡೋಬಾ. ಭಂಡಾರ ಹಚ್ಚಿಸಿಕೊಂಡ ಹಣೆಗಳೆಲ್ಲ ಹಳದಿಯೇ. ರಾಯಬಾಗದ ಬದಿಯ ಚಿಂಚಲಿ ಮಾಯಕ್ಕನ ಜಾತ್ರೆಗೆ ಕೊಲ್ಲಾಪುರ, ಸಾಂಗಲಿಯಿಂದ ಸಾಲುಸಾಲು ಚಕ್ಕಡಿ ಬರುತ್ತವೆ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದವರು ಹರಕೆಯ ದಾರಿಗಳನ್ನು ವಿಚಾರಿಸಿರಲಿಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಸಾಲಿ ಮಾಸ್ತರರು 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಮನೆಮನೆ ತಿರುಗಿದರು. ನಮ್ಮ ಓಣಿಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ ಒಬ್ಬ ಆಯಿಗೆ ಮಾಸ್ತರರು ಕೇಳಿದರು, “ಮನಿಮಾತ ಯಾವದ ಬರೀಲಿ ಆಯಿ?”

“ನನ್ನ ತವರಮನಿ ಮ್ಹೈಸಾಳ. ದೇವ್ರಿಗೆ ಬೇಡ್ಕೊಳ್ಳೂದ ಮರಾಠಿದಾಗ, ಎಮ್ಮಿಗೆ ಬೈಯೂದ ಕನ್ನಡದಾಗ. ಸೊಸಿಗೆ ಎರಡರಾಗೂ. ನೀನ ನೋಡಿ ಬರಕೋ ತಮ್ಮಾ.”

“ಒಂದ ಉತ್ತರ ತಗೋತೈತಿ ಇದು.”

“ಹಂಗಾದ್ರ ಎಮ್ಮೀನ್ನ ಕೇಳು” ಎಂದು ಆಯಿ ಮತ್ತೆ ಶೇಂಗಾಕ್ಕೆ ಕೈಹಾಕಿದಳು. ಮಾಸ್ತರರು ನಕ್ಕು ಏನೋ ಒತ್ತಿ ಮುಂದಿನ ಪ್ರಶ್ನೆಗೆ ಹೋದರು.

ನನಗೆ ಆ ಅರವತ್ತು ಪ್ರಶ್ನೆಗಳ ಮೇಲೆ ಸಿಟ್ಟೇನಿಲ್ಲ. ಯಾರಿಗೆ ಎಷ್ಟು ಹೊಲ, ಯಾರ ಮಕ್ಕಳು ಎಷ್ಟನೆಯ ಇಯತ್ತೆಗೆ ಸಾಲಿ ಬಿಟ್ಟರು ಎಂಬುದು ಲೆಕ್ಕಕ್ಕೆ ಸಿಗಲೇಬೇಕು. ಅರವತ್ತೊಂದನೆಯದೊಂದು ಪ್ರಶ್ನೆ ಸೇರಿಸಲು ನನಗೆ ಬಿಟ್ಟಿದ್ದರೆ ಹೀಗೆ ಕೇಳುತ್ತಿದ್ದೆ: ‘ನಿಮ್ಮ ಮಗ್ಗುಲ ಮನೆಯವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ?’ ಉತ್ತರ ಹೇಳಬಲ್ಲವರನ್ನು ಊರವರೆಂದು ಧಾರಾಳವಾಗಿ ಬರೆದುಕೊಳ್ಳಬಹುದು.

ಆದರೆ ಈ ಪ್ರಶ್ನೆಯನ್ನು ಪೇಟೆ ದಾಟಿಸಿ ಊರ ಅಂಚಿಗೆ ಒಯ್ದರೆ ನಾವು ಪಾಟೀಲರೆಲ್ಲ ನಪಾಸು. ಅಥಣಿ, ಮದಭಾವಿ, ನಿಪ್ಪಾಣಿಗಳ ಸಮಗಾರರು ಕೈಯಾರೆ ಹೊಲಿದ ಕೊಲ್ಲಾಪುರಿ ಚಪ್ಪಲಿ ಎಲ್ಲ ಜಾತಿಯ ಕಾಲಿಗೂ ಬಂತು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾಟದ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿ ಸುದ್ದಿಯನ್ನೂ ಮಾಡಿತು. ಚಪ್ಪಲಿ ನಡುಮನೆಯ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು; ಹೊಲಿದವನು ಅಂಗಳದ ಆಚೆಗೇ ನಿಲ್ಲಬೇಕಿತ್ತು. ಅವನ ಅಡ್ಡಹೆಸರು, ಅವನ ದುಡಿಮೆ ಎಲ್ಲ ಊರಿಗೆ ಗೊತ್ತು. ಅವನ ಮನೆಯಲ್ಲಿ ಸಂಜೆಗೆ ಏನು ಬೇಯುತ್ತದೆ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ತಡವರಿಸುತ್ತಾರೆ.

ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳೂ ಬರುತ್ತವೆ. ಉಗಾರದ ಸಕ್ಕರೆ ಕಾರಖಾನೆಯ ಸುತ್ತಲಿನ ಹೊಲಗಳ ಬದಿಗೆ ಹಂಗಾಮು ಮುಗಿಯುವವರೆಗೂ ಇವರ ಗುಡಿಸಲು. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು ಇವರು ಯಾವಾಗ ಉಣ್ಣುತ್ತಾರೋ, ನಾವು ಮುಕಾದಮನನ್ನೂ ಕೇಳಿದವರಲ್ಲ.

ಚಪ್ಪಲಿ ಹೊಲಿಯುವವರಿಗೆ, ಕಬ್ಬು ಕಡಿಯುವವರಿಗೆ ಮಾತ್ರ ನಮ್ಮದೆಲ್ಲ ಗೊತ್ತು. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬಾರದು, ಯಾವ ಅಮ್ಮಾರ ಊಟ ಮುಗಿದ ಮೇಲೆ ಮಜ್ಜಿಗೆ ಕೇಳಬಹುದು, ಯಾವ ಗೌಡರು ಮಧ್ಯಾಹ್ನ ಮಲಗಿ ಎದ್ದ ಮೇಲೆಯೇ ಪಗಾರದ ಮಾತು ಎತ್ತಬೇಕು, ಎಲ್ಲವೂ ಬಾಯಿಪಾಠ. ಅರವತ್ತೊಂದನೆಯ ಪ್ರಶ್ನೆಗೆ ನಮ್ಮ ಓಣಿಯ ಉತ್ತರವನ್ನು ಅವರು ನಿದ್ದೆಗಣ್ಣಿನಲ್ಲೂ ಬರೆಸಿಯಾರು. ಅವರದನ್ನು ಕೇಳಿದರೆ ನಾವು ಖಾಲಿ ಬಿಡಬೇಕಾಗುತ್ತದೆ. ಹಾಗೆ ನೋಡಿದರೆ ಊರವರೆಂದು ಮೊದಲು ಬರೆದುಕೊಳ್ಳಬೇಕಾದದ್ದು ಅವರನ್ನೇ.