ಸೊಟ್ಟ ಬೆರಳು

ನನ್ನ ಎಡಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಿದೆ. ಏಳನೆಯ ತರಗತಿಯ ಬೇಸಿಗೆ ರಜೆಯಲ್ಲಿ ಶಹಾಬಾದಿನ ಪರ್ಸಿ ಖಣಿಗೆ ಅಪ್ಪನ ಜತೆ ಕೂಲಿಗೆ ಹೋಗಿದ್ದೆ. ಎತ್ತಿ ನಿಲ್ಲಿಸಿದ್ದ ಪರ್ಸಿ ಜಾರಿತು, ಬೆರಳು ಅದರಡಿ ಸಿಕ್ಕಿತು. ಖಣಿಯ ಮಾಲೀಕ ಐವತ್ತು ರೂಪಾಯಿ ಕೊಟ್ಟು "ಮನೀಗಿ ಕರ್ಕೊಂಡು ಹೋಗು" ಅಂತ ಅಪ್ಪನಿಗೆ ಹೇಳಿದ. ಎಲುಬು ಕೂಡಿತು, ಸೊಟ್ಟಗೇ ಕೂಡಿತು. ಶಹಾಬಾದ್ ಕಲ್ಲು ಎಷ್ಟೋ ಊರಿನ ಎಷ್ಟೋ ಮನೆಗಳ ನೆಲವಾಗಿದೆ. ಅದನ್ನು ಎತ್ತಿದವರ ಕೈ ಹೇಗಿದೆ ಅಂತ ಆ ನೆಲದ ಮೇಲೆ ನಡೆಯುವವರು ಕೇಳುವುದಿಲ್ಲ.

ಈಗ್ಯಾಕೆ ಈ ಮಾತೆಂದರೆ, ನಲವತ್ತು ದಾಟಿದ ಮೇಲೆ ಇದೇ ಬೆರಳಿನಿಂದ ನಾನು ಗಿಟಾರು ಕಲಿಯಲು ಹೊರಟೆ.

ನಾನು ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಹುಡುಗನಾಗಿದ್ದಾಗ ಚಹಾದಂಗಡಿಯ ರೇಡಿಯೊದಲ್ಲಿ 'ಗೀತಾ' ಚಿತ್ರದ ಹಾಡು ಕೇಳಿ ಗಿಟಾರಿನ ಹುಚ್ಚು ಹತ್ತಿತ್ತು. ಆ ಚಿತ್ರ ಬಂದದ್ದು 1981ರಲ್ಲಿ, ಸಂಗೀತ ಇಳಯರಾಜ ಅವರದು. ಅವರು ಅಣ್ಣನ ತಂಡದ ಜತೆ ಊರೂರು ತಿರುಗಿ ಕೆಂಬಾವುಟದ ವೇದಿಕೆಗಳಲ್ಲಿ ಬಾರಿಸಿ ಬೆಳೆದವರು, ನಮ್ಮಂತೆಯೇ ಊರಾಚೆಯ ಕೇರಿಯಿಂದ ಬಂದವರು ಅನ್ನುವುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಂಬಳ ಬರಲು ಶುರುವಾಗಿ, ಸಾಲ ತೀರಿ, ತಂಗಿಯ ಮದುವೆ ಮುಗಿದ ಮೇಲೆ ಒಂದು ಹಳೆಯ ಗಿಟಾರು ತಂದೆ. ವಾಡಿಯ ರೈಲ್ವೆ ಕಾಲೊನಿಯಲ್ಲಿ ಚರ್ಚಿನ ಹಾಡಿಗೆ ಬಾರಿಸುವ ಒಬ್ಬ ಹುಡುಗ ಭಾನುವಾರ ಸಂಜೆ ಕಲಿಸಲು ಒಪ್ಪಿದ.

ಅಪ್ಪ ಗಿಟಾರನ್ನು ನೋಡಿ ಮುಖ ತಿರುಗಿಸಿದ.

"ಬಾರ್ಸೂದು ತಪ್ಪಲಿ ಅಂತ ನಾ ಊರು ಬಿಟ್ಟು ಬಂದೀನಿ. ನೀ ಮತ್ತ ಬಾರ್ಸ್ಲತ್ತಿ?"

ಅಪ್ಪ ಚಿಂಚೋಳಿ ಕಡೆಯ ಹಳ್ಳಿಯವನು. ಊರಲ್ಲಿ ಸತ್ತವರಿಗೆ, ಜಾತ್ರೆಗೆ, ಗೌಡರ ಮನೆಯ ಮದುವೆಗೆ ಹಲಗಿ ಬಾರಿಸುವುದು ನಮ್ಮ ಮನೆಯ ಪಾಲಿಗೆ ಬಂದ ಬಿಟ್ಟಿ. ಕರೆದಾಗ ಹೋಗಬೇಕು, ನಿಲ್ಲಿಸು ಅಂದಾಗ ನಿಲ್ಲಿಸಬೇಕು, ದೂರದಲ್ಲೇ ನಿಲ್ಲಬೇಕು. ಜ್ವರ ಬಂದಿದ್ದ ಒಂದು ದಿನ ಹೋಗಲಿಲ್ಲ. ಆಮೇಲೆ ಏನಾಯಿತು ಅನ್ನುವುದನ್ನು ಅಪ್ಪ ಇವತ್ತಿಗೂ ಪೂರ್ತಿ ಹೇಳಿಲ್ಲ. ಹಲಗಿಯನ್ನು ಗೂಟಕ್ಕೇ ಬಿಟ್ಟು, ಅವ್ವನನ್ನು ಕರೆದುಕೊಂಡು ಶಹಾಬಾದಿನ ಖಣಿಗೆ ಬಂದ. ಮುಂದೆ ಸಂಘಟನೆಯ ವೇದಿಕೆಗಳಲ್ಲಿ ಅದೇ ಹಲಗಿ ತಲೆಯೆತ್ತಿ ಗುಡುಗಿದಾಗಲೂ ಅಪ್ಪ ಅದನ್ನು ಮುಟ್ಟಲಿಲ್ಲ. ಅವನ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಮೊದಲ ಆರು ತಿಂಗಳು ಕಷ್ಟವಾಗಲಿಲ್ಲ. ಸಿ, ಜಿ, ಡಿ, ಎ, ಇ. ಇವು ಬಿಚ್ಚು ತಂತಿಯ ಕಾರ್ಡುಗಳು. ಎರಡು ಮೂರು ತಂತಿ ಒತ್ತಿದರೆ ಸಾಕು, ಉಳಿದವು ತಾವೇ ನುಡಿಯುತ್ತವೆ. ನಾನು ಕಲಿತೆನೆಂದೇ ತಿಳಿದಿದ್ದೆ.

ಆ ವರ್ಷದ ಏಪ್ರಿಲ್ 14ಕ್ಕೆ ನಮ್ಮ ಓಣಿಯ ಜಯಂತಿಯಲ್ಲಿ ಅವ್ವ ಹಾಡಬೇಕಿತ್ತು. ಬಾಬಾಸಾಹೇಬರ ಮೇಲಿನ ಹಾಡು, ಮಣ್ಣು ಹೊರುವ ಹೆಂಗಸರ ಧಾಟಿ. ನಾನು ಗಿಟಾರು ಹಿಡಿದು ಪಕ್ಕದಲ್ಲಿ ಕುಳಿತೆ. ಅವ್ವ ಬಾಯಿ ತೆರೆದಳು. ನನ್ನ ಯಾವ ಕಾರ್ಡೂ ಕೂಡಲಿಲ್ಲ. ಹಾರ್ಮೋನಿಯಂನವರು ಮೂರನೆಯ ಕರಿ ಪಟ್ಟಿ ಒತ್ತಿ ತೋರಿಸಿದರು. ಅವ್ವನ ದನಿ ನಿಂತದ್ದು ಅಲ್ಲಿ. ಗಿಟಾರಿನವರು ಅದಕ್ಕೆ ಎಫ್ ಶಾರ್ಪ್ ಅನ್ನುತ್ತಾರೆ. ಅಲ್ಲಿ ಬಿಚ್ಚು ತಂತಿಯ ಆಸರೆ ಇಲ್ಲ.

ಆರ್ಕೆಸ್ಟ್ರಾದವರೊಬ್ಬರು ನನ್ನ ಕಿವಿಯಲ್ಲಿ ಹೇಳಿದರು: "ಸರ್, ಅವ್ವಾರಿಗಿ ಸ್ವಲ್ಪ ಇಳಿಸಿ ಹಾಡ್ಲಿಕ್ಕ ಹೇಳ್ರಿ."

ಹೇಳಿದೆ. ಆ ತಪ್ಪು ನನ್ನದೇ. ಅವ್ವ ಇಳಿಸಿದಳು. ದನಿ ಗಂಟಲಲ್ಲೇ ಉಳಿಯಿತು. ಹಿಂದೆ ಕುಂತ ಹೆಂಗಸರು ಸೇರಲಿಲ್ಲ. ಒಂದು ನುಡಿ ಮುಗಿಸಿ ಅವ್ವ ಸೆರಗು ಸರಿಮಾಡಿಕೊಂಡು ಕೆಳಗಿಳಿದಳು. ರಾತ್ರಿ ಉಣ್ಣುವಾಗ ಅಷ್ಟೇ ಅಂದಳು: "ಅದು ನನ್ನ ದನಿ ಅಲ್ಲ ಯಪ್ಪಾ."

ಅವ್ವನ ದನಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಅವಳು ಸಣ್ಣಾಕಿ ಇದ್ದಾಗ ಚಂದ್ರಂಪಳ್ಳಿ ಅಣೆಕಟ್ಟಿನ ಕೆಲಸ ನಡೆದಿತ್ತು. ನಮ್ಮ ಆಯಿ ಮಣ್ಣಿನ ಬುಟ್ಟಿ ಹೊತ್ತಳು, ಅವಳ ಹಿಂದೆ ಅವ್ವ ಸಣ್ಣ ಬುಟ್ಟಿ ಹೊತ್ತಳು. ಆ ತುದಿಯ ಸಾಲಿನವರು ಹಾಡಿದರೆ ಈ ತುದಿಯವರು ಎತ್ತಿಕೊಳ್ಳಬೇಕು. ನಡುವೆ ಗಾಳಿ, ಕಲ್ಲು ಒಡೆಯುವ ಸಪ್ಪಳ, ಮುಕಾದಮನ ಬೈಗುಳ. ತಗ್ಗಿದ ದನಿ ಆ ಏರಿ ದಾಟುತ್ತಿರಲಿಲ್ಲ. ಈಗ ಆ ಕಾಡು ಚಿಂಚೋಳಿ ವನ್ಯಜೀವಿಧಾಮ, 2011ರಲ್ಲಿ ಘೋಷಣೆಯಾಯಿತು. ಜನ ನೀರು ನೋಡಲು, ಫೋಟೊ ತೆಗೆಯಲು ಹೋಗುತ್ತಾರೆ. ಆ ಏರಿಯ ಮೇಲೆ ಏರಿದ ದನಿಯನ್ನು ನಾನು, ಅವಳ ಮಗ, ಒಂದು ಮರದ ಪೆಟ್ಟಿಗೆಯ ಅನುಕೂಲಕ್ಕೆ ಇಳಿಸು ಅಂದಿದ್ದೆ.

ವಾಡಿಯ ಹುಡುಗ ಎರಡು ದಾರಿ ಹೇಳಿದ. ಒಂದು, ಕೇಪೋ ಅನ್ನುವ ಚಿಮಟ. ಕತ್ತಿಗೆ ಕಚ್ಚಿಸಿದರೆ ಎಲ್ಲ ತಂತಿಯೂ ಏರುತ್ತವೆ. ತಂದು ನೋಡಿದೆ. ಆದರೆ ಅವ್ವ ಒಂದೇ ಕಡೆ ನಿಲ್ಲುವವಳಲ್ಲ. ಎರಡನೆಯ ನುಡಿಗೆ ಹೆಂಗಸರು ಸೇರುತ್ತಲೇ ಅವಳ ದನಿ ಒಂದು ಪಟ್ಟಿ ಮೇಲೇರುತ್ತದೆ. ಹಾಡಿನ ನಡುವೆ ಚಿಮಟ ಕಿತ್ತು ಮತ್ತೆ ಹಾಕಲಾಗದು. ಎರಡನೆಯ ದಾರಿ ಬಾರ್ ಕಾರ್ಡು. ತೋರುಬೆರಳನ್ನೇ ಆರೂ ತಂತಿಗೆ ಅಡ್ಡ ಮಲಗಿಸಬೇಕು. ಬೆರಳೇ ಚಿಮಟ. ಅದರ ಮುಂದೆ ಉಳಿದ ಮೂರು ಬೆರಳಿಂದ ಇ ಕಾರ್ಡಿನ ಆಕಾರ ಹಿಡಿಯಬೇಕು. ಮೊದಲ ಮನೆಯಲ್ಲಿ ಅದು ಎಫ್, ಎರಡರಲ್ಲಿ ಎಫ್ ಶಾರ್ಪ್, ಮೂರರಲ್ಲಿ ಜಿ. ಆಕಾರ ಒಂದೇ. ಹಾಡುವವರು ಏರಿದರೆ ಕೈ ಒಂದು ಮನೆ ಸರಿದರೆ ಆಯಿತು.

ಹೇಳಲು ಸುಲಭ. ನೆಟ್ಟಗಿರುವ ಬೆರಳಿಗೇ ತಿಂಗಳುಗಟ್ಟಲೆ ಬೇಕು. ನನ್ನದು ಸೊಟ್ಟ. ಒತ್ತಿದರೆ ನಡುಗೆಣ್ಣು ಮೇಲೆ ನಿಲ್ಲುತ್ತದೆ, ನಡುವಿನ ತಂತಿಗಳು ಟಕ್ ಟಕ್ ಎಂದು ಸಾಯುತ್ತವೆ. ಇನ್ನೂ ಬಲ ಹಾಕಿದೆ. ಹೆಬ್ಬೆರಳಿನ ಬುಡ ಬಾತಿತು. ಬೋರ್ಡಿನ ಮೇಲೆ ಬರೆಯುವಾಗ ಡಸ್ಟರು ಕೈಯಿಂದ ಬೀಳುತ್ತಿತ್ತು.

ಆ ಹುಡುಗ ಇಬ್ಬರ ಕಥೆ ಹೇಳಿದ. ಜಾಂಗೊ ರೈನ್‌ಹಾರ್ಟ್ ಯುರೋಪಿನ ರೋಮಾ ಅಲೆಮಾರಿ ಜನದವನು. ಊರಿಂದೂರಿಗೆ ಅಟ್ಟಿಸಿಕೊಂಡ ಜನ ಅದು. 1928ರಲ್ಲಿ ಅವನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಾದವು. ಅವನು ಉಳಿದವುಗಳಿಂದಲೇ ನುಡಿಸಿ ದೊಡ್ಡವನಾದ. ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಹುಡುಗ. 1965ರಲ್ಲಿ, ಹದಿನೇಳರ ಪ್ರಾಯದಲ್ಲಿ, ತಗಡಿನ ಯಂತ್ರ ಅವನ ಎರಡು ಬೆರಳ ತುದಿ ಕತ್ತರಿಸಿತು. ಕಾರ್ಖಾನೆಯ ಮೇಸ್ತ್ರಿ ಜಾಂಗೊನ ರೆಕಾರ್ಡು ತಂದು ಕೇಳಿಸಿದನಂತೆ. ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ, ಮೇಲೆ ತೊಗಲು ಅಂಟಿಸಿ, ಹಗುರ ತಂತಿ ಹಾಕಿಕೊಂಡು ಬಾರಿಸಿದ. ತೊಗಲು ಎಂದಾಗ ನಾನು ನಕ್ಕೆ. ಹುಡುಗನಿಗೆ ಯಾಕೆಂದು ತಿಳಿಯಲಿಲ್ಲ.

ಕಥೆಯಿಂದ ಧೈರ್ಯ ಬಂತು, ಕಾರ್ಡು ಬರಲಿಲ್ಲ.

ಒಂದು ರಾತ್ರಿ ಅಂಗಳದಲ್ಲಿ ಒತ್ತುತ್ತಾ, ಬೈದುಕೊಳ್ಳುತ್ತಾ ಕುಳಿತಿದ್ದೆ. ಹೊರಸಿನ ಮೇಲಿದ್ದ ಅಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಗಿಟಾರಿನ ಬಗ್ಗೆ ಮಾತಾಡಿದ.

"ಕಲ್ಲು ಹಿಂಗೇ ಒಡಿತಿದ್ವೇನು? ಎಲ್ಲಾ ಕಡಿ ಬಡಿದ್ರ ಪರ್ಸಿ ಚೂರಾಗ್ತದ. ಪದರು ಎಲ್ಲಿ ಅದ ನೋಡಿ ಅಲ್ಲಿ ಉಳಿ ಇಡ್ಬೇಕು. ಸಣ್ಣ ಪೆಟ್ಟಿಗಿ ತಾನೇ ಬಿಡ್ತದ."

ನಾನು ಒಂದೊಂದೇ ತಂತಿ ಮೀಟಿ ನೋಡಿದೆ. ಆರೂ ತಂತಿಯನ್ನು ತೋರುಬೆರಳೇ ಒತ್ತಬೇಕೆಂದು ತಿಳಿದದ್ದೇ ತಪ್ಪು. ನಡುವಿನ ಮೂರು ತಂತಿಯನ್ನು ಉಳಿದ ಮೂರು ಬೆರಳು ಹೇಗೂ ಒತ್ತುತ್ತವೆ. ತೋರುಬೆರಳಿನ ಪಾಲಿಗೆ ಇರುವುದು ಒಂದು ಅಂಚಿನ ದಪ್ಪ ತಂತಿ, ಇನ್ನೊಂದು ಅಂಚಿನ ಎರಡು ಸಣ್ಣ ತಂತಿ. ನನ್ನ ಬೆರಳು ಸೊಟ್ಟಗಿರುವುದು ನಡುವಿನಲ್ಲಿ. ಅಲ್ಲಿ ಅದು ತಾಕದಿದ್ದರೂ ನಡೆಯುತ್ತದೆ! ಬೆರಳನ್ನು ತುಸು ಹೊರಳಿಸಿ ಎಲುಬಿನ ಪಕ್ಕ ತಾಗಿಸಿದೆ. ಹೆಬ್ಬೆರಳ ಹಿಡಿತ ಸಡಿಲಿಸಿ ಮೊಣಕೈಯ ಭಾರ ಬಿಟ್ಟೆ. ತಂತಿ ಬಿಗಿ ಕಡಿಮೆ ಅನ್ನಿಸುವ ಐದನೆಯ ಮನೆಯಲ್ಲಿ ಶುರುಮಾಡಿ, ವಾರಕ್ಕೊಂದು ಮನೆ ಕೆಳಗಿಳಿದೆ. ಎರಡನೆಯ ಮನೆಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಎ ಆಕಾರದ ಬಾರ್ ಕಾರ್ಡಿಗೆ ಇನ್ನೂ ಒಂದು ಚಳಿಗಾಲ ಬೇಕಾಯಿತು. ಮೈನರ್ ಕಾರ್ಡಿನಲ್ಲಿ ಮೂರನೆಯ ತಂತಿಯೂ ತೋರುಬೆರಳಿನ ಪಾಲಿಗೆ ಬರುತ್ತದೆ. ಅದು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಖಣಿ ಕಸಿದದ್ದು ಖಣಿಯ ಹತ್ತಿರವೇ ಇದೆ.

ಮುಂದಿನ ಏಪ್ರಿಲ್ 14 ಬಂತು. "ಎಲ್ಲಿಂದ ಎತ್ಲಿ?" ಅಂತ ಅವ್ವ ಕೇಳಿದಳು. "ನಿನಗಿ ಹ್ಯಾಂಗ ಬರ್ತದ ಹಂಗೇ ಎತ್ತವ್ವಾ. ನಾ ಬರ್ತೀನಿ" ಅಂದೆ. ಅವ್ವ ಎತ್ತಿದಳು. ಎರಡನೆಯ ಮನೆ. ಹೆಂಗಸರು ಸೇರಿದರು, ದನಿ ಏರಿತು. ಮೂರನೆಯ ಮನೆಗೆ ಸರಿದೆ. ಒಂದೆರಡು ಕಡೆ ತಂತಿ ಸತ್ತವು. ಯಾರಿಗೂ ಕೇಳಿಸಲಿಲ್ಲ, ಅವ್ವನ ದನಿ ಅಷ್ಟಿತ್ತು.

ಮುಗಿದ ಮೇಲೆ ಅಪ್ಪ ವೇದಿಕೆಯ ಪಕ್ಕಕ್ಕೆ ಬಂದ. ನನ್ನ ಕೈ ಹಿಡಿದು ಆ ಬೆರಳನ್ನು ನೋಡಿದ. ತಂತಿಯ ಗೆರೆಗಳು ಕೆಂಪಗೆ ಮೂಡಿದ್ದವು.

"ಯಾರು ಕರದಿದ್ರು ನಿನಗಿ ಬಾರ್ಸ್ಲಿಕ್ಕ?"

"ಯಾರೂ ಕರದಿಲ್ಲಪ್ಪಾ. ನಾನೇ ಬಂದೀನಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಲಗಿಯವರ ಕಡೆ ಹೋದ. ಅವರು ಕಾಗದ ಉರಿಸಿ ತೊಗಲು ಕಾಸುತ್ತಿದ್ದರು. ಒಬ್ಬ ಹುಡುಗನ ಹಲಗಿಯ ಮೇಲೆ ಬೆರಳು ಬಡಿದು ನೋಡಿ, "ಇನ್ನ ಕಾದಿಲ್ಲೋ ತಮ್ಮಾ, ಇನ್ನಷ್ಟು ಹಿಡಿ" ಅಂದ.