ಒಂದೇ ಅಗಲದ ಹಳಿ

ಮಾಗನೂರಿನಿಂದ ರಾಯಚೂರಿನ ಕಡೆಗೆ ಹೊರಟವರಿಗೆ ಕೃಷ್ಣೆ ಅಡ್ಡವಾಗುತ್ತಾಳೆ. 1956ರ ನವೆಂಬರ್ 1ರವರೆಗೆ ಈ ಎರಡೂ ದಡಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಬಳಿಕ ಇವುಗಳ ನಡುವೆ ಗಡಿಯೊಂದು ಮೂಡಿತು. ಕನ್ನಡ ಮಾತ್ರ ಎರಡೂ ಕಡೆ ಉಳಿಯಿತು. ಇದೇ ಸೀಮೆಯಲ್ಲಿ ಇನ್ನೊಂದು ಕೂಡಲವೂ ನಡೆದಿದೆ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ರೈಲುಮಾರ್ಗವೂ ರಾಯಚೂರಿನಲ್ಲಿ ಸೇರಿದವು. ಕಂಪನಿಗಳು ಬೇರೆಯಾಗಿದ್ದರೂ ಹಳಿಗಳ ಅಗಲ ಒಂದೇ ಆಗಿತ್ತು, ಐದೂವರೆ ಅಡಿ. ಅಗಲ ಬೇರೆಯಾಗಿದ್ದರೆ ಸರಕನ್ನೆಲ್ಲ ಅಲ್ಲಿ ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. ಕಾಲೇಜನ್ನು ಜ್ಞಾನಜಾಲಕ್ಕೆ ಜೋಡಿಸುವ ಮಾತು ಬಂದಾಗಲೆಲ್ಲ ನನಗೆ ಈ ಹಳಿಗಳ ಅಗಲವೇ ನೆನಪಾಗುತ್ತದೆ.

ಭಾರತದ ವಿದ್ಯಾಸಂಸ್ಥೆಗಳ ಗಣಕಗಳನ್ನು ಪರಸ್ಪರ ಬೆಸೆಯುವ ಯತ್ನ 1986ರಲ್ಲಿ ಅರ್ನೆಟ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆಯೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವೂ ಅದಕ್ಕೆ ಬೆಂಬಲವಾಗಿ ನಿಂತವು. ಮೊದಲು ಸೇರಿದ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 2010ರಲ್ಲಿ ರಾಷ್ಟ್ರೀಯ ಜ್ಞಾನಜಾಲಕ್ಕೆ ಕೇಂದ್ರ ಸರಕಾರದ ಒಪ್ಪಿಗೆ ದೊರೆಯಿತು. ನಮ್ಮಂತಹ ಕಾಲೇಜುಗಳಿಗಾಗಿ ಅದೇ ವರ್ಷ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಸೇವೆ ಬಂದಿತು. ಇದರ ಕ್ರಮ ಸರಳವಾದುದು. ಕಾಲೇಜು ನೋಂದಾಯಿಸಿಕೊಳ್ಳಬೇಕು, ಗ್ರಂಥಪಾಲಕರು ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಹೆಸರುಗಳನ್ನು ಸೇರಿಸಬೇಕು, ಪ್ರತಿಯೊಬ್ಬರಿಗೂ ಪ್ರತ್ಯೇಕ ಗುಪ್ತಪದ ದೊರೆಯುತ್ತದೆ. ಬಳಿಕ ಊರಿನ ಮನೆಯಲ್ಲಿ ಕುಳಿತೇ ಸಾವಿರಾರು ವಿದ್ವತ್ ಪತ್ರಿಕೆಗಳನ್ನು ಓದಬಹುದು.

ಆದರೆ ಕನ್ನಡ ಐಚ್ಛಿಕ ವಿದ್ಯಾರ್ಥಿಯೊಬ್ಬಳು ಆ ಬಾಗಿಲನ್ನು ತೆರೆದಾಗ ಕಾಣುವುದು ಬಹುಮಟ್ಟಿಗೆ ಇಂಗ್ಲಿಷಿನ ಕಪಾಟುಗಳೇ. ಹಾಗೆಂದು ಕನ್ನಡ ಅಲ್ಲಿ ಇಲ್ಲವೇ ಇಲ್ಲವೆನ್ನಲಾಗದು. ಸಂಶೋಧನ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಶೋಧಗಂಗಾ ಭಂಡಾರಕ್ಕೆ ಕನ್ನಡ ಪ್ರಬಂಧಗಳೂ ಹರಿದುಬಂದವು. ತೊಡಕಿರುವುದು ಬೇರೆಡೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ರೋಮನ್ ಅಕ್ಷರಗಳ ಸಂಕೇತಗಳಾಗಿಯೇ ಇರುತ್ತದೆ. ಛಾಯಾಪ್ರತಿಯಾಗಿ ಏರಿಸಿದ ಪುಟವಂತೂ ಯಂತ್ರಕ್ಕೆ ಬರಿಯ ಚಿತ್ರ. ‘ತತ್ವಪದ’ ಎಂದು ಹುಡುಕಿದರೆ ಆ ಪುಟಗಳು ಓಗೊಡುವುದಿಲ್ಲ. ಪ್ರಬಂಧ ಅಲ್ಲಿದೆ, ಕರೆದರೆ ಬಾರದು.

ನಾನು ಕಲಿತದ್ದು ಮರಾಠಿಯೂ ಕನ್ನಡವೂ ಒಂದೇ ಸೂರಿನಡಿ ನಡೆಯುತ್ತಿದ್ದ ಶಾಲೆಯಲ್ಲಿ. ಒಂದು ಪಾಟಿಯ ಈ ಬದಿಗೆ ಬಾಳಬೋಧ, ಆ ಬದಿಗೆ ಕನ್ನಡ. ನಮ್ಮ ಮನೆಯ ಹಳೆಯ ದಫ್ತರಗಳು ಮಾತ್ರ ಮೋಡಿ ಲಿಪಿಯಲ್ಲಿದ್ದವು. ಅಜ್ಜ ಓದಿ ಹೇಳಿದರೆ ಪ್ರತಿಯೊಂದು ಮಾತೂ ನಮಗೆ ತಿಳಿಯುತ್ತಿತ್ತು. ಕಾಗದವನ್ನು ನಮ್ಮ ಕೈಗಿತ್ತರೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಆ ದಫ್ತರಗಳು ಮನೆಯಲ್ಲಿದ್ದೂ ಇಲ್ಲದಂತಾದವು. ಭಾಷೆ ಬದುಕಿರುವಾಗಲೇ ಬರಹ ಮೂಕವಾಗಬಲ್ಲದೆಂಬುದನ್ನು ನಾನು ಅರಿತದ್ದು ಅಲ್ಲಿ. ಇಂದಿನ ಕನ್ನಡ ಪ್ರಬಂಧಗಳಿಗೆ ಅದೇ ಗತಿ ಒದಗಬಾರದು.

ಹಳಿಯ ಅಗಲವನ್ನು ಒಂದಾಗಿಸುವ ಏರ್ಪಾಡು ನಮ್ಮ ಭಾಷೆಗೂ ದೊರೆತಿದೆ. ಅದರ ಹೆಸರು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ದೇವನಾಗರಿಗೂ ಸ್ಥಾನ ದೊರೆಯಿತು. ಅದರ ಫಲವನ್ನು ‘ವಚನ ಸಂಚಯ’ದಲ್ಲಿ ಕಾಣಬಹುದು. ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಅಲ್ಲಿ ಕ್ಷಣದಲ್ಲಿ ತಿಳಿಯುತ್ತದೆ. ನಮ್ಮ ಗುರುಗಳು ಅದಕ್ಕಾಗಿ ಚೀಟಿಗಳನ್ನು ಬರೆದು ತಿಂಗಳುಗಟ್ಟಲೆ ಕಾಯುತ್ತಿದ್ದರು. ಗಡಿಯವರಾದ ನಮಗಂತೂ ಇದರ ಅಗತ್ಯ ಇಮ್ಮಡಿ. ಪಂಢರಾಪುರದ ವಿಠ್ಠಲನಿಗಿರುವ ಕನ್ನಡ ನಂಟನ್ನು ಆಳವಾಗಿ ಶೋಧಿಸಿದ ರಾ. ಚಿಂ. ಢೇರೆಯವರು ಬರೆದದ್ದು ಮರಾಠಿಯಲ್ಲಿ. ಮರಾಠಿಗರ ಮೂಲವನ್ನು ಹುಡುಕಿದ ಶಂ. ಬಾ. ಜೋಶಿಯವರು ಕನ್ನಡದ ವಿದ್ವಾಂಸರು. ಇಂತಹ ಓದಿಗೆ ಎರಡು ಲಿಪಿಗಳ ಭಂಡಾರಗಳೂ ಒಂದೇ ಕರೆಗೆ ಓಗೊಡಬೇಕು.

ಆದುದರಿಂದ ಜಾಲಕ್ಕೆ ಸೇರುವುದೆಂದರೆ ಪಡೆಯುವುದಷ್ಟೇ ಅಲ್ಲ, ಕೊಡುವುದೂ ಹೌದು. ಗ್ರಂಥಾಲಯಕ್ಕೆ ಹೋಗಿ ನಿಮ್ಮ ಗುಪ್ತಪದವನ್ನು ಪಡೆಯಿರಿ. ಅದು ನಿಮ್ಮ ಹಕ್ಕು. ಜೊತೆಗೆ ಈ ವರ್ಷದ ಕಿರುಪ್ರಬಂಧವನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸಿರಿ. ಕೃಷ್ಣೆ–ಭೀಮೆಯರ ನಡುವಣ ಊರುಗಳ ಬೀಸುವ ಹಾಡು, ಗಾದೆ, ಬೇಸಾಯದ ಪದಗಳನ್ನು ಸಂಗ್ರಹಿಸಿದರೆ ಹೇಳಿದವರ ಒಪ್ಪಿಗೆ, ಊರು, ದಿನಾಂಕಗಳನ್ನು ಮರೆಯದೆ ದಾಖಲಿಸಿರಿ. ತೆಲುಗೂ ಉರ್ದುವೂ ಬೆರೆತ ನಿಮ್ಮ ಮನೆಮಾತನ್ನು ‘ತಿದ್ದ’ಲು ಹೋಗದಿರಿ, ಕೇಳಿದಂತೆಯೇ ಬರೆಯಿರಿ. ಮುಂದೊಂದು ದಿನ ಮೈಸೂರಿನಲ್ಲೋ ಪುಣೆಯಲ್ಲೋ ಕುಳಿತ ಅಪರಿಚಿತ ಓದುಗ ಮಾಗನೂರಿನ ಪದವೊಂದನ್ನು ಹುಡುಕಿದಾಗ ಅದು ಸಿಗುವಂತಿರಲಿ.